ಭಾವನಿಗೆ ಕೊಡದ ಮುಲಾಮು

ಹೆಮ್ಮೆಪಡಲು ಎಲ್ಲರಿಗೂ ಏನಾದರೊಂದು ಇದ್ದೇ ಇರುತ್ತದೆ. ಕೆಲವರಿಗೆ ತೆಂಗಿನ ತೋಟ, ಕೆಲವರಿಗೆ ಮಕ್ಕಳ ರ್‍ಯಾಂಕು. ನನಗೆ ನನ್ನ ಮೊಣಕೈ. ಹಳೇಬೀಡಿನಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ಎರಡೂ ಮೊಣಕೈಗಳ ಒಳಮಡಿಕೆಯಲ್ಲಿ ಇಸುಬು ಎದ್ದಿತ್ತು. ಬೋರ್ಡಿನ ಮೇಲೆ ಸಂಧಿ ಬಿಡಿಸುತ್ತಾ ಕೆರೆದುಕೊಳ್ಳುತ್ತಿದ್ದೆ. ಮಕ್ಕಳು ಸಂಧಿ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಬೇವಿನ ಸೊಪ್ಪು, ಅರಿಶಿನ, ಪಕ್ಕದ ಮನೆಯವರು ಹೇಳಿದ್ದೆಲ್ಲವನ್ನೂ ಮೆತ್ತಿಕೊಂಡು ಸೋತ ಮೇಲೆ ಅರಸೀಕೆರೆಯ ಚರ್ಮದ ಡಾಕ್ಟರಮ್ಮನ ಬಳಿ ಹೋದೆ.

ಆಕೆ ಒಂದು ಮುಲಾಮು ಬರೆದುಕೊಟ್ಟು, "ತೆಳ್ಳಗೆ ಹಚ್ಚಿ ಮೇಷ್ಟ್ರೇ, ದೋಸೆಗೆ ಬೆಣ್ಣೆ ಹಾಕಿದ ಹಾಗಲ್ಲ. ನಾನು ಹೇಳಿದಷ್ಟು ದಿನ ಮಾತ್ರ. ಇನ್ನೊಬ್ಬರಿಗೆ ಕೊಡಬೇಡಿ" ಅಂದರು. ನಾನು ಆಕೆಯ ಮಾತು ಕೇಳಿದಷ್ಟು ಶ್ರದ್ಧೆಯಿಂದ ನನ್ನ ಮಾತನ್ನು ಯಾವ ವಿದ್ಯಾರ್ಥಿಯೂ ಕೇಳಿಲ್ಲ. ಇಸುಬು ಇಳಿಯಿತು. ಚಳಿಗಾಲದಲ್ಲೂ ಅರ್ಧ ತೋಳಿನ ಶರ್ಟು ಹಾಕಿಕೊಂಡು ಶಾಲೆಗೆ ಹೋದೆ.

ಆಗ ಬಂದರು ನಮ್ಮ ಭಾವ, ಅಂದರೆ ಹೆಂಡತಿ ಸರೋಜಳ ಅಣ್ಣ ರುದ್ರಪ್ಪನವರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ನಮ್ಮ ಮದುವೆ ಮಾಡಿಸಿದವರು ಅವರೇ. ಅವರ ಮಾತಿಗೆ ಎದುರಾಡಿದವರನ್ನು ನಾನು ಕಂಡಿಲ್ಲ.

"ಕತ್ತಿನ ಹತ್ರ ದುಂಡಗೆ ಎದ್ದೈತೆ ಮೇಷ್ಟ್ರೇ, ಕಡಿತ ತಡಿಯಕ್ಕಾಗಲ್ಲ. ನಿಮ್ಮ ಟ್ಯೂಬ್ ಕೊಡಿ."

"ಆಗಲ್ಲ ಭಾವ. ಡಾಕ್ಟರಿಗೆ ತೋರಿಸಿ."

ಆ ಮಾತು ನನ್ನ ಬಾಯಿಂದಲೇ ಬಂತೆಂದು ನಂಬಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಭಾವ ಕಾಫಿ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. "ಒಂದು ಚೂರು ಮುಲಾಮಿಗೋಸ್ಕರ ನಮ್ಮಣ್ಣನ್ನ ದೂರ ಮಾಡಿದ್ರಲ್ರೀ!" ಎಂದು ಸರೋಜ ಕಣ್ಣೊರೆಸಿಕೊಂಡಳು. ಆಮೇಲೆ ಮನೆಯಲ್ಲಿ ಉಪ್ಪಿಟ್ಟಿನ ಜೊತೆ ಮೌನವನ್ನೂ ಬಡಿಸತೊಡಗಿದಳು. ತಡೆಯಲಾರದೆ ಒಂದು ಭಾನುವಾರ ಟ್ಯೂಬನ್ನು ಜೇಬಿಗಿಳಿಸಿ ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಬಸ್ಸೂ ಬಂತು. ಡಾಕ್ಟರಮ್ಮನ ಮುಖ ನೆನಪಾಗಿ ವಾಪಸ್ ಬಂದೆ.

ಭಾವ ಮಾತ್ರ ಹಟಕ್ಕೆ ಬಿದ್ದು, ಸ್ವಂತದ್ದೇ ಒಂದು ಟ್ಯೂಬ್ ಬರೆಸಿಕೊಳ್ಳೋಣವೆಂದು ಅದೇ ಡಾಕ್ಟರಮ್ಮನ ಬಳಿ ಹೋಗಿದ್ದರು. ಕತ್ತು ವಾಸಿಯಾದ ಮೇಲೆ ಮನೆಗೆ ಬಂದವರೇ, "ನಂದು ಇಸುಬಲ್ವಂತೆ ಮೇಷ್ಟ್ರೇ, ಹುಳುಕಡ್ಡಿಯಂತೆ. ನಿಮ್ಮ ಮುಲಾಮು ಹಚ್ಚಿದ್ರೆ ಮೈಯೆಲ್ಲ ಹರಡ್ತಿತ್ತಂತೆ. ಕೊಡದೆ ಉಳಿಸಿದ್ರಿ" ಅಂದರು. ಸರೋಜ ಆ ದಿನ ನನ್ನ ಎಲೆಗೆ ತುಪ್ಪ ಬಡಿಸಿದ ರೀತಿ ನೋಡಬೇಕಿತ್ತು. ಭಾವನ ಎಲೆಗೆ ಆಮೇಲೆ ಬಡಿಸಿದಳು! ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳುತ್ತಾ ತಿರುಗಿದೆ.

ಕೆಲವು ತಿಂಗಳಾದ ಮೇಲೆ ಅರಸೀಕೆರೆ ಬಸ್ಸಿನಲ್ಲಿ ಹೊಸ ಶರ್ಟಿನ ಕಾಲರು ಚುಚ್ಚಿ ಕತ್ತು ಕೆರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದವರು ಕಾಳಜಿಯಿಂದ ಹೇಳಿದರು: "ಕಂಡೋರ ಮುಲಾಮು ಮಾತ್ರ ಹಚ್ಕೋಬೇಡಿ ಸಾರ್. ಮಂಡಿ ರುದ್ರಪ್ಪೋರು ಎಲ್ರಿಗೂ ಹೇಳ್ತಿರ್ತಾರೆ."

"ಅವರು ನಮ್ಮ..." ಎಂದು ಎದೆ ಉಬ್ಬಿಸಿ ಬಾಯಿ ತೆರೆದೆ.

"ಭಾಳ ತಿಳಿದೋರು ಸಾರ್. ಅವರ ತಂಗಿ ಗಂಡ ಯಾರೋ ಒಬ್ಬ ಮೇಷ್ಟ್ರಂತೆ. ಕಂಡಿದ್ದೆಲ್ಲ ಮೆತ್ಕೊಂಡು ಒದ್ದಾಡ್ತಿದ್ನಂತೆ, ಪಾಪ. ಇವರೇ ಬುದ್ಧಿ ಹೇಳಿ ವಾಸಿ ಮಾಡ್ಸಿದ್ರಂತೆ."

ಆ ಮೇಷ್ಟ್ರು ಈಗ ಹೇಗಿದ್ದಾರೆ ಎಂದು ವಿಚಾರಿಸಿದೆ.