ಹೌಸ್‌ಫುಲ್ ಶ್ರದ್ಧಾಂಜಲಿ

ಪ್ಯಾರಿಸ್ಸಿನ ಪತ್ರಿಕೆಗಳು ಹೆಸರಾಂತರು ಬದುಕಿರುವಾಗಲೇ ಅವರ ಸಾವಿನ ಲೇಖನ ಬರೆಸಿ ಕಪಾಟಿನಲ್ಲಿ ಇಟ್ಟಿರುತ್ತವೆ. ಆ ಗುರುವಾರ ಯಾರದೋ ಕೈತಪ್ಪಿನಿಂದ ನಿರ್ದೇಶಕ ಗಾಸ್ಪಾರ್ ತುರ್ನೆಲ್ ಅವರದು ಅಚ್ಚಾಗಿಬಿಟ್ಟಿತು. ಎಂಬತ್ತೊಂದರ ಗಾಸ್ಪಾರ್ ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದರೆ, ಕಟ್ಟಡ ಕಾಯುವ ಮದಾಂ ಫೆರೇರಾ ಕಿಟಾರನೆ ಕಿರುಚಿದಳು.

"ಅಯ್ಯೋ ಮುಸ್ಯೂ! ನೀವು ಹೋಗ್ಬಿಟ್ರಿ ಅಂತ ಪೇಪರ್‌ನಲ್ಲಿದೆ! ನಾನು ಆಗ್ಲೇ ಅತ್ತೂ ಆಯ್ತು."

"ನಿನ್ನೆ ಕಸದ ಡಬ್ಬಿ ವಿಷಯಕ್ಕೆ ನನ್ನ ಜನ್ಮ ಜಾಲಾಡಿದ್ರಲ್ಲ?"

"ನಿನ್ನೆ ನೀವು ಬದುಕಿದ್ರಿ."

ಲೇಖನ ಓದಿ ಗಾಸ್ಪಾರ್ ಉಬ್ಬಿಹೋದರು. ಮಹಾಚೇತನವಂತೆ! ಬರೆದವನು ಮೂರನೇ ಮಹಡಿಯ ವಿಮರ್ಶಕ ಬೆರಾಂ. ಇವರ ಹದಿನಾಲ್ಕು ಸಿನಿಮಾಗಳಿಗೂ "ಕೊನೆಯವರೆಗೆ ಎಚ್ಚರವಿದ್ದವರಿಲ್ಲ" ಎಂದು ಒಂದೇ ಮಾತು ಬರೆದು ಅನ್ನಕ್ಕೆ ಕಲ್ಲು ಹಾಕಿದ್ದ ಪುಣ್ಯಾತ್ಮ. ಇಪ್ಪತ್ತು ವರ್ಷದಿಂದ ಇವರಿಗೆ ಕ್ಯಾಮೆರಾ ಮುಟ್ಟಲು ಯಾರೂ ಬಿಟ್ಟಿರಲಿಲ್ಲ.

ಮೆಟ್ಟಿಲು ಹತ್ತಿ ಬಾಗಿಲು ಬಡಿದರು. ಬೆರಾಂ ಬೆಚ್ಚಲಿಲ್ಲ.

"ಬದುಕಿದ್ದೀರಾ? ಸಂಜೆವರೆಗೂ ಯಾರಿಗೂ ಹೇಳ್ಬೇಡಿ. ನಾಲ್ಕು ಗಂಟೆಗೆ ಬೀದಿ ತುದಿ ಟಾಕೀಸಲ್ಲಿ ಶ್ರದ್ಧಾಂಜಲಿ ಅಂತ ನಿಮ್ಮ ಸಿನಿಮಾ ಇದೆ. ಅದೇ, ವಿಧವೆ ಮೂರು ಗಂಟೆ ನದಿ ನೋಡ್ತಾ ಕೂರೋದು. ಹೌಸ್‌ಫುಲ್! ನಾನೇ ಭಾಷಣ."

"ಇವತ್ತು ಒಬ್ಬರೂ ಮಲಗದಿದ್ರೆ?"

"ಬರೆದಿದ್ದೆಲ್ಲ ವೇದಿಕೆ ಮೇಲೇ ವಾಪಸ್ ತಗೋತೀನಿ. ಒಬ್ರು ಮಲಗಿದ್ರೂ ಇಲ್ಲ."

ಕಳೆದ ಮಾನ ಮರಳಿ ಬರುವ ಸಂಭ್ರಮದಲ್ಲಿ ಗಾಸ್ಪಾರ್ ತಮ್ಮ ತಿಥಿಯನ್ನು ತಾವೇ ಉಂಡರು: ಹುರಿದ ಬಾತುಕೋಳಿ, ಎರಡು ಲೋಟ ಕೆಂಪು ವೈನು. ಆಮೇಲೆ ಕಪ್ಪು ಕನ್ನಡಕ, ಮಫ್ಲರ್ ಏರಿಸಿ ಟಾಕೀಸಿನ ಕೊನೆಯ ಸಾಲಿನಲ್ಲಿ ಕೂತರು.

ಸತ್ತವರ ಮರ್ಯಾದೆ ಪ್ರಶ್ನೆ. ತೂಕಡಿಕೆ ಬಂದವರು ತೊಡೆ ಚಿವುಟಿಕೊಂಡು ಕೂತಿದ್ದರು. ಗಾಸ್ಪಾರ್ ಮೇಷ್ಟ್ರಂತೆ ಸಾಲುಸಾಲಾಗಿ ತಲೆ ಎಣಿಸಿದರು. ಒಂದೂ ವಾಲಿರಲಿಲ್ಲ. ತೃಪ್ತಿಯಿಂದ ಪರದೆ ನೋಡಿದರು. ವಿಧವೆ ನದಿ ನೋಡಿದಳು. ಮತ್ತೆ ನೋಡಿದಳು. ಇನ್ನೂ ನೋಡುತ್ತಲೇ ಇದ್ದಳು.

"ಏಳ್ರೀ!" ಯಾರೋ ಪಕ್ಕೆಗೆ ತಿವಿದರು.

ದೀಪ ಹತ್ತಿತ್ತು. ಇಡೀ ಟಾಕೀಸು ಅವರತ್ತ ತಿರುಗಿತ್ತು.

"ನಾಚಿಕೆ ಆಗಲ್ವಾ?" ಪಕ್ಕದ ಹೆಂಗಸು ಕೂಗಿದಳು. "ಮಹಾನುಭಾವ ಸತ್ತು ಒಂದು ದಿನ ಆಗಿಲ್ಲ, ಎರಡು ಗಂಟೆಯಿಂದ ಗೊರಕೆ ಹೊಡೀತಿದ್ದೀರಲ್ಲ!"

"ನಾನೇ ಕಣ್ರೀ ಆ ಮಹಾನುಭಾವ!" ಗಾಸ್ಪಾರ್ ಕನ್ನಡಕ ಕಿತ್ತರು.

"ತನ್ನ ಸಿನಿಮಾಕ್ಕೆ ತಾನೇ ಮಲಗೋ ನಿರ್ದೇಶಕ ಎಲ್ಲಾದ್ರೂ ಇರ್ತಾನಾ? ಆಚೆ ಹಾಕ್ರೀ ಇವರನ್ನ!"

ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. "ಬೆರಾಂ, ನೀವಾದ್ರೂ ಹೇಳ್ರೀ!" ಎಂದು ಗಾಸ್ಪಾರ್ ಗೋಗರೆದರು.

ವೇದಿಕೆಯ ಮೇಲೆ ಬೆರಾಂ ಮೈಕು ಹಿಡಿದ.

"ಇವರೇ ಗಾಸ್ಪಾರ್ ತುರ್ನೆಲ್, ಬದುಕಿದ್ದಾರೆ. ಬೆಳಿಗ್ಗೆ ಪೇಪರ್‌ನಲ್ಲಿ ಬಂದ ನನ್ನ ಲೇಖನ ತಪ್ಪು, ಕ್ಷಮಿಸಿ. ಅವರ ಹದಿನಾಲ್ಕು ಸಿನಿಮಾಕ್ಕೂ ಬರೆದಿದ್ದು ಮಾತ್ರ ಸರಿ."