ದಿಲ್ಲಿಯಲ್ಲಿ ನಾನು ಆಡದ ಮಾತು

ಗೆದ್ದವರು ಮುನಿಸಿಕೊಳ್ಳಬಾರದು ಎಂದು ಯಾವ ಕಾನೂನಿನಲ್ಲಿಯೂ ಬರೆದಿಲ್ಲ. ಬರೆದಿದ್ದರೆ ನಾನು ಇಷ್ಟೊತ್ತಿಗೆ ಜೈಲಿನಲ್ಲಿರುತ್ತಿದ್ದೆ. ಮೊಮ್ಮಕ್ಕಳೇ, ನಿಮ್ಮ ಆಯಿ ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಬಂದವಳು ಎಂದು ನೀವು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತೀರಂತೆ. ತಿರುಗಿ, ಬೇಡ ಅನ್ನುವುದಿಲ್ಲ. ಆದರೆ ಗೆದ್ದು ಬಂದ ದಿನ ಆಯಿ ಯಾಕೆ ಊಟ ಬಿಟ್ಟು ಮಲಗಿದಳು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಬಿಡಿ. ಎದುರಿಗೆ ಮಾತಾಡುವುದು ನನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ಸಾಮಾನ್ಯದ್ದಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಹೆಸರು ಕೂಗಿದಾಗ ‘ಹಾಜರ್’ ಎನ್ನಲು ಬಾಯಿ ಬಾರದೆ, ಮುಂದಿನ ಸಾಲಿನಲ್ಲಿ ಕುಳಿತುಕೊಂಡೇ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಸಿಂದಗಿಯಿಂದ ಬರುವಾಗ ಕಂಡಕ್ಟರನಿಗೆ ‘ನಿಲ್ಲಿಸ್ರಿ’ ಎನ್ನಲಾರದೆ ನಮ್ಮೂರು ದಾಟಿ ಮೋರಟಗಿಯವರೆಗೆ ಹೋಗಿ, ಸಂತೆಯ ಚೀಲ ತಲೆಯ ಮೇಲಿಟ್ಟುಕೊಂಡು ನಡೆದು ಹಿಂದಕ್ಕೆ ಬಂದದ್ದೂ ಉಂಟು. ನಿಮ್ಮ ಅಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಮಾತು ನಿಂತಿತು. ಅದೇ ವರ್ಷ ಹೊಲದ ದಾರಿಯೂ ನಿಂತಿತು.

ನಮ್ಮ ಹೊಲ ಇರುವುದು ನನ್ನ ಮೈದುನ, ಅಂದರೆ ನಿಮ್ಮ ಸಣ್ಣಜ್ಜ ಮಲ್ಲಪ್ಪನ ಹೊಲದ ಹಿಂದೆ. ಚಕ್ಕಡಿ ಅವನ ಹೊಲದ ನಟ್ಟನಡುವೆ ಹಾಯ್ದೇ ಹೋಗಬೇಕು. ಒಂದು ದಿನ ನೋಡಿದರೆ ಆ ದಾರಿಯ ಬಾಯಿಗೆ ಜಾಲಿಮುಳ್ಳು ಬಿದ್ದಿತ್ತು. ದಾರಿ ಇಲ್ಲದ ಹೊಲವೆಂದರೆ ಬಾಯಿ ಇಲ್ಲದ ಹೊಟ್ಟೆ. ಕೇಸು ಹಾಕಿದೆವು. ಸಿಂದಗಿಯಲ್ಲಿ ಗೆದ್ದೆ, ಅವನು ವಿಜಯಪುರಕ್ಕೆ ಹೋದ. ಅಲ್ಲಿ ಗೆದ್ದೆ, ಕಲಬುರ್ಗಿಯ ಹೈಕೋರ್ಟಿಗೆ ಹೋದ. ಹೋದಲ್ಲೆಲ್ಲ ಒಂದೊಂದು ತಡೆಯಾಜ್ಞೆ ತಂದು ಮುಳ್ಳನ್ನು ಇದ್ದಲ್ಲೇ ಉಳಿಸಿದ. ಕಬ್ಬು ಹಚ್ಚುವುದನ್ನು ಬಿಟ್ಟು, ತಲೆಯ ಮೇಲೆ ಹೊತ್ತು ತರಬಹುದಾದಷ್ಟು ಜೋಳ ಬಿತ್ತಿಕೊಂಡು ಇದ್ದೆವು. ಕಲಬುರ್ಗಿಯಲ್ಲಿಯೂ ಸೋತ ಮೇಲೆ ಅವನು ದಿಲ್ಲಿಗೆ ಹಾಕಿದ. ಅಲ್ಲಿ ಏನಾದರೂ ನಾನು ಸೋತರೆ ಮೇಲೆ ಹೋಗಲು ಆಕಾಶವೊಂದೇ ಉಳಿದಿತ್ತು.

ಖರೆ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಹುರುಪೇ ಹೆಚ್ಚಾಗಿತ್ತು. ಊರ ಕಟ್ಟೆಯ ಮೇಲಿನ ಪಂಚರು ಒಂದು ಕೋಳಿಯ ಜಗಳವನ್ನೂ ಇಡೀ ಮುಂಜಾನೆ ಕೇಳುತ್ತಾರೆ. ಹಾಗಿದ್ದ ಮೇಲೆ ದೇಶದ ಎಲ್ಲಕ್ಕಿಂತ ದೊಡ್ಡ ಕೋರ್ಟು ಎಷ್ಟು ಕೇಳಬೇಡ! ಕೋರ್ಟು ದೊಡ್ಡದಾದಷ್ಟೂ ಅದರ ಕಿವಿ ದೊಡ್ಡದು ಎಂಬುದು ನನ್ನ ಲೆಕ್ಕ. ಸಿಂದಗಿಯ ನಮ್ಮ ವಕೀಲರು, ಪಟೇಲ ಸಾಹೇಬರು, ಆ ಲೆಕ್ಕವನ್ನು ಅಳಿಸಿ ಹಾಕಿದರು.

“ದಿಲ್ಲಿ ಕೋರ್ಟ್ ಎಲ್ಲಾರ ಕೇಸೂ ಕೇಳಂಗಿಲ್ರಿ ಅವ್ವಾರ. ಮೊದಲ ಕಾಗದ ಓದ್ತಾರ. ಕೇಳೂವಂಥಾದ್ದೈತಿ ಅನಿಸಿದ್ರ ಒಳಗ ತಗೋತಾರ. ಇಲ್ಲಂದ್ರ ಬಾಗಲದಾಗಿಂದ ಕಳಸ್ತಾರ.”

“ಹಂಗಂದ್ರ ಕನ್ಯಾ ನೋಡೂ ಮಂದಿ ಇದ್ದಂಗ ಆತಲ್ರಿ,” ಎಂದಳು ಜೊತೆಗಿದ್ದ ಮಗಳು ಸುವರ್ಣಾ. “ಫೋಟೋ ನೋಡಿ ಬ್ಯಾಡಂದ್ರ ಚುರಮುರಿ ಸೈತ ಖರ್ಚಿಲ್ಲ.”

“ಬರೇ ತೀರ್ಪು ತಪ್ಪೈತಿ ಅಂದ್ರ ಅವರು ತಲೀ ಎತ್ತಂಗಿಲ್ರಿ. ಭಾಳ ಅನ್ಯಾಯ ಆಗಿರಬೇಕು, ಇಲ್ಲಾ ನಾಕ ಮಂದಿಗೆ ಸಂಬಂಧಪಟ್ಟಿದ್ದು ಇರಬೇಕು.”

ಇದು ನನಗೆ ತಿಳಿಯಿತು, ಯಾಕೆಂದರೆ ನಮ್ಮ ಮನೆಯ ಕೊನೆಯ ಕೋರ್ಟು ನಾನೇ. ‘ಅವ್ವ ನನಗ ಸಣ್ಣ ಉಂಡಿ ಕೊಟ್ಲು’ ಎಂದು ನೀವು ಅಳುತ್ತ ಬಂದರೆ ನಾನು ಜೋಳ ಹಸನು ಮಾಡುವುದನ್ನು ನಿಲ್ಲಿಸುವುದಿಲ್ಲ. ಆದರೆ ‘ಇನ್ನ ಮ್ಯಾಲ ಹುಡುಗ್ಯಾರು ಕಡೀಕ ಉಣ್ರಿ’ ಎಂದು ನಿಮ್ಮಪ್ಪ ಅಂದ ದಿನ ಮೊರ ಕೆಳಗಿಟ್ಟು ಎದ್ದಿದ್ದೆ.

ತಿಳಿದರೂ ಆಸೆ ಬಿಡಲಿಲ್ಲ. ಒಂದು ತಿಂಗಳು ಎಮ್ಮೆಯ ಮುಂದೆ ನಿಂತು ಭಾಷಣ ಕಲಿತೆ. ಎಮ್ಮೆ ಒಂದು ದಿನವೂ ನಡುವೆ ಬಾಯಿ ಹಾಕಲಿಲ್ಲ. ನಮ್ಮ ಕಡೆ ಹೊಲದ ತಕರಾರಿನಲ್ಲಿ ಆ ಹೊಲದ ಮಣ್ಣು ಕೈಯಲ್ಲಿ ಹಿಡಿದು ಮಾತಾಡುವುದು ರೂಢಿ. ಸುಳ್ಳಾಡಿದರೆ ಅದೇ ಮಣ್ಣು ಬಾಯಿಗೆ ಬೀಳುತ್ತದೆ. ಅದಕ್ಕಾಗಿ ದಾರಿಯ ಮಣ್ಣು ಒಂದು ಹಿಡಿ ಅರಿವೆಯಲ್ಲಿ ಗಂಟು ಕಟ್ಟಿಕೊಂಡೆ.

ಸುವರ್ಣಾ, ಪಟೇಲ ಸಾಹೇಬರ ಜೊತೆ ಸೊಲ್ಲಾಪುರದಲ್ಲಿ ರೈಲು ಹತ್ತಿದರೆ ಅದೇ ಡಬ್ಬಿಯಲ್ಲಿ ಎದುರಿಗೇ ಮಲ್ಲಪ್ಪ, ಅವನ ಹೆಂಡತಿ ಗುರುಬಾಯಿ! ಮಲ್ಲಪ್ಪ ಕಿಟಕಿಗೆ ಮುಖ ಕೊಟ್ಟವನು ದಿಲ್ಲಿ ಬರುವವರೆಗೂ ತಿರುಗಲಿಲ್ಲ. ಗುರುಬಾಯಿ ಮಾತ್ರ ಬುತ್ತಿ ಬಿಚ್ಚಿ ಚಟ್ನಿಪುಡಿ ಮುಂದೆ ಹಿಡಿದಳು.

“ಅಕ್ಕಾ, ಶೇಂಗಾ ಹಿಂಡಿ ತಗೋರಿ. ಕೇಸ್ ಕೇಸಿನ ಕಡೆ, ಹೊಟ್ಟಿ ಹೊಟ್ಟಿ ಕಡೆ.”

ನಾನು ಎರಡು ಕಟಕ್ ರೊಟ್ಟಿ ಆ ಕಡೆ ಸರಿಸಿದೆ. ಒಂದನ್ನು ಕಿಟಕಿಯ ಕಡೆಯ ಕೈ ತೆಗೆದುಕೊಂಡಿತು.

ಕೋರ್ಟಿನ ಬಾಗಿಲಲ್ಲಿ ಪೊಲೀಸಪ್ಪ ನನ್ನ ಗಂಟು ಬಿಚ್ಚಿಸಿದ. ಮೂಸಿ ನೋಡಿದ. ಪಟೇಲ ಸಾಹೇಬರು ಹಿಂದಿಯಲ್ಲಿ ಏನು ಹೇಳಿದರೋ, ಅವನು ನನ್ನನ್ನೊಮ್ಮೆ ಮಣ್ಣನ್ನೊಮ್ಮೆ ನೋಡಿ, ಪಕ್ಕದ ಹೂವಿನ ಕುಂಡಕ್ಕೆ ಸುರಿದುಬಿಟ್ಟ. ನಮ್ಮ ಜಮೀನಿನಲ್ಲಿ ಅಷ್ಟು ಭಾಗ ಈಗ ದಿಲ್ಲಿಯಲ್ಲಿದೆ.

ಒಳಗೆ ಇಬ್ಬರು ಜಡ್ಜರು. ಜೋಳದ ರೊಟ್ಟಿಯ ಒಂದು ಮಗ್ಗಲು ಬೇಯುವುದರೊಳಗೆ ಎರಡು ಕೇಸು ಮುಗಿಯುತ್ತಿದ್ದವು. ವಕೀಲರು ಬಗ್ಗುತ್ತಾರೆ, ಬಾಯಿ ತೆರೆಯುತ್ತಾರೆ, ಮತ್ತೆ ಬಗ್ಗಿ ಹೊರಟುಹೋಗುತ್ತಾರೆ. ನಮ್ಮ ನಂಬರು ಬಂತು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಮಲ್ಲಪ್ಪನ ವಕೀಲ ಒಂದೂವರೆ ಮಾತು ಆಡಿದ. ಹಿರಿಯ ಜಡ್ಜರು ತಲೆಯಾಡಿಸಿ ಒಂದು ಶಬ್ದ ಅಂದರು. ಮುಂದಿನ ಕಾಗದ ಮೇಲಕ್ಕೆ ಬಂತು. ನಾನಿನ್ನೂ ಬಾಯಿ ತೆರೆದುಕೊಂಡು ನಿಂತಿದ್ದೆ. ಸುವರ್ಣಾ ಸೆರಗು ಹಿಡಿದು ಕೂಡಿಸಿದಳು.

ಹೊರಗೆ ಬಂದು ಪಟೇಲ ಸಾಹೇಬರು ಕೈ ಮುಗಿದರು. “ಗೆದ್ವಿ ಅವ್ವಾರ!”

“ದಾರಿ ನಂದು ಅಂದ್ರೇನ್ರಿ?”

“ಹಂಗೇನ ಅಂದಿಲ್ರಿ. ನಿಮ್ಮ ಮೈದುನಾರ ಅಪೀಲು ಕೇಳಂಗಿಲ್ಲ ಅಂದ್ರು. ಕಲಬುರ್ಗಿ ತೀರ್ಪು ಹಂಗ ಉಳೀತು.”

“ನಾ ಹೇಳೂದು ಖರೆ ಐತಿ ಅಂತಾದ್ರೂ…?”

“ಅದನ್ನೂ ಅಂದಿಲ್ರಿ.”

“ಮತ್ತ ಯಾಕ ಕೇಳಂಗಿಲ್ಲಂತ?”

“ಕಾರಣಾ ಹೇಳಬೇಕಂತ ಇಲ್ರಿ ಅವ್ವಾರ.”

ನೋಡಿ, ಊಟ ಸೇರದ್ದು ಇದಕ್ಕೆ. ಹುಟ್ಟಿದಾಗಿನಿಂದ ಬಾಯಿ ತೆರೆಯದವಳು ಒಮ್ಮೆ ತೆರೆದೆ, ಕೇಳಿದವರಿಲ್ಲ. ಸೋತವನನ್ನು ಕೇಳಲಿಲ್ಲ ಸರಿ, ಗೆದ್ದವಳನ್ನಾದರೂ ‘ಏನವ್ವಾ ನಿಂದು’ ಎನ್ನಬಾರದೇ? ಊರಿಗೆ ಬಂದು ಕಂಡವರ ಮುಂದೆಲ್ಲ, ಅಂದರೆ ಎಮ್ಮೆಯ ಮುಂದೆ, ಇದನ್ನೇ ಹೇಳಿದೆ. ಕೇಳದೆ ತೀರ್ಮಾನ ಮಾಡುವುದು ಯಾವ ಸೀಮೆಯ ನ್ಯಾಯ ಎಂದೆ.

ಎಂಟು ದಿನದ ಮೇಲೆ ಮುಳ್ಳು ತೆಗೆಸಲು ಹೊಲಕ್ಕೆ ಹೋದೆ. ಗುರುಬಾಯಿ ಬದುವಿನ ಮೇಲೆ ಕುಳಿತಿದ್ದಳು.

“ಅಕ್ಕಾ, ಅಲ್ಲಿ ಎದ್ದ ನಿಂತಿದ್ರಲ್ಲಾ, ಏನ್ ಹೇಳಾವರಿದ್ರಿ?”

ಕೇಳುವವರು ಒಬ್ಬರು ಸಿಕ್ಕರಲ್ಲ! ಭಾಷಣವನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವಳು ಗಲ್ಲಕ್ಕೆ ಕೈ ಹಚ್ಚಿ ಎಲ್ಲವನ್ನೂ ಕೇಳಿದಳು.

“ಎಷ್ಟ ಚಂದ ಮಾತಾಡ್ತೀರಿ! ಇದರಾಗ ಒಂದ ಮಾತ ಆವತ್ತ ಆಡಿದ್ರ ಸಿಂದಗಿ ಕೋರ್ಟೂ ಬೇಕಾಗ್ತಿರಲಿಲ್ಲ.”

“ಯಾವತ್ತ?”

“ಮುಳ್ಳ ಹಾಕೂ ಹಿಂದಿನ ದಿನ. ದಾರಿ ನಮ್ಮ ಹೊಲಾ ಎರಡ ಹೋಳ ಮಾಡೇತಿ, ಬದುವಿನ ಗುಂಟ ಹೊರಳಿಸ್ಕೊಳ್ರಿ ಅಂತ ಕೇಳಾಕ ನಮ್ಮವರು ನಿಮ್ಮ ಅಂಗಳಕ ಬಂದಿದ್ರು. ‘ವೈನಿ, ಒಂದ ಮಾತೈತಿ’ ಅಂದ್ರ ನೀವು ಬಾಗಲಾ ಹಾಕ್ಕೊಂಡ್ರಿ. ಯಾಕಂತ ಹೇಳಲಿಲ್ಲ. ಅವರಿಗೆ ಸಿಟ್ಟ ಬಂತು.”

ನನಗೆ ನೆನಪಿತ್ತು. ಗಂಡಸರು ಮನೆಯಲ್ಲಿಲ್ಲದಾಗ ಏನು ಮಾತಾಡುವುದೆಂದು ನಾಚಿಕೆಯಾಗಿತ್ತು, ಅಷ್ಟೇ.

ಆಳುಗಳಿಗೆ ಹೇಳಿ ಆ ದಿನವೇ ದಾರಿಯನ್ನು ಬದುವಿನ ಗುಂಟ ಹೊರಳಿಸಿದೆವು. ಈ ವರ್ಷ ಕಬ್ಬು ಹಚ್ಚಿದ್ದೇವೆ. ದಿಲ್ಲಿಯವರ ಮೇಲೆ ನನಗೀಗ ಸಿಟ್ಟಿಲ್ಲ. ಕೇಳುವುದಿಲ್ಲ ಎನ್ನುವ ಮೊದಲು ಅವರು ಕಾಗದವನ್ನಾದರೂ ಓದಿದ್ದರು. ನಾನು ಅಗಳಿ ಹಾಕಿ, ಮೈದುನ ಹೋದನೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದೆ.