ಹಂದರದ ಕಂಬ ಕೀಳೋರು ಯಾರು?

ಹೆದರುಪುಕ್ಕಲರಿಗೇ ಹೆದರಿಸೋ ಕೆಲಸ ಯಾಕೆ ಸಿಗುತ್ತೋ ದೇವರಿಗೇ ಗೊತ್ತು. ನಾನು ಒತ್ತುವರಿ ತೆರವು ಮಾಡಿಸೋ ಕಚೇರೀಲಿ ಮೇಲ್ವಿಚಾರಕ. ಮನೇಲಿ ಹಲ್ಲಿ ಬಿದ್ರೆ ಹೆಂಡತೀನ ಕೂಗೋನು, ಕೆಲಸಕ್ಕೆ ಹೋದ್ರೆ ಜೆಸಿಬಿ ಮುಂದೆ ನಿಂತು ಊರವರನ್ನ ಗದರಿಸಬೇಕು. ಇಂಥೋನಿಗೆ ಇಂಥದ್ದು ನಡೀತಾನೇ ಇರುತ್ತೆ, ಬಿಡಿ. ಅದರಲ್ಲೂ ಒಂದು ಅಲೆಮಾರಿ ಗುಂಪಿನ ಹಿಂದೆ ಬಿದ್ದು ನಾನು ಪಟ್ಟ ಪಾಡು ಶತ್ರುಗೂ ಬೇಡ ಮಾರಾಯ್ರೆ.

೧. ತ್ಯಾವರೆಕೊಪ್ಪದ ಸಂಜೆ

ತ್ಯಾವರೆಕೊಪ್ಪದ ಸಫಾರಿ ಕಡೆ ರಸ್ತೆ ಪಕ್ಕದಲ್ಲಿ ಟೆಂಟ್ ಹಾಕಿದ್ದಾರೆ ಅಂತ ದೂರು ಬಂತು. ಆ ಜಾಗ ನಮ್ಮದೋ ಪಂಚಾಯ್ತಿದೋ ಅಂತ ಯಾರೂ ನೋಡ್ಲಿಲ್ಲ, ನೀನೇ ಹೋಗು ಅಂದ್ರು. ನಾನು, ಟ್ರ್ಯಾಕ್ಟರ್ ಡ್ರೈವರು, ಜೊತೆಗೆ ಒಬ್ಬ ಪೊಲೀಸು ಹೋಗಿ ಮುಟ್ಟೋ ಹೊತ್ತಿಗೆ ಸೂರ್ಯ ಇಳೀತಿದ್ದ.

ಉದುರಿದ ತಲೆಗೂದಲು ತಗೊಂಡು ಸ್ಟೀಲ್ ಪಾತ್ರೆ ಕೊಡ್ತಾರಲ್ಲ, ಆ ಕೆಲಸ ಮಾಡ್ತಾ ಊರೂರು ತಿರುಗೋ ಜನ. ಗುಂಪಿಗೆಲ್ಲ ಯಜಮಾನಿ ಒಬ್ಬರು ಅಜ್ಜಿ. ಬಾಯಲ್ಲಿ ಎಲೆಅಡಿಕೆ, ಸೊಂಟದಲ್ಲಿ ಮೊಬೈಲು, ಕಣ್ಣಲ್ಲಿ ಒಂದು ಚೂರೂ ಅಂಜಿಕೆ ಇಲ್ಲ. ಭಯಕ್ಕೋ ಏನೋ, ನಾನು ಮೊದಲನೇ ಮಾತಿಂದಲೇ ಅವರಿಗೆ ಬಹುವಚನ ಹಚ್ಚಿದೆ.

ಅಜ್ಜಿ ಕೂರಿಸಿ ಕಷ್ಟ ಹೇಳಿಕೊಂಡ್ರು. ಅವ್ವ ಇಲ್ಲದ ಮೊಮ್ಮಗಳಿಗೆ ಮದುವೆ ಗೊತ್ತಾಗಿದೆ. ಹೋದ ಸಲವೂ ಗೊತ್ತಾಗಿತ್ತು, ಆದ್ರೆ ಹಂದರ ಹಾಕಿದ ಮೇಲೆ ಯಾವುದೋ ಊರಿನ ಅಧಿಕಾರಿಗಳು ಬಂದು ಎಬ್ಬಿಸಿದ್ರು. ಹಂದರ ಕಿತ್ತ ಹೆಣ್ಣು ಬೇಡ ಅಂತ ಗಂಡಿನವರು ಎದ್ದು ಹೋದ್ರಂತೆ. ಇನ್ನೊಂದು ಸಲ ಹಂಗಾದ್ರೆ ಆ ಹುಡುಗೀನ ಯಾರೂ ಕೇಳಲ್ಲ. "ಮದುವೆ ಮುಗಿಯೋ ಗಂಟ ಎಲ್ಲಾದ್ರೂ ಒಂದ್ ಕಡೆ ಇರಕ್ಕೆ ಬಿಡಿ ಸಾಮಿ," ಅಂದ್ರು.

ನಾನು ಮನಸ್ಸು ಗಟ್ಟಿ ಮಾಡಿಕೊಂಡು, ಕತ್ತಲಾಗೋದ್ರೊಳಗೆ ಜಾಗ ಖಾಲಿ ಮಾಡಿ ಅಂತ ದಬಾಯಿಸಿದೆ. ಆಗಲೇ ಸಫಾರಿ ಕಡೆಯಿಂದ ಸಿಂಹ ಗರ್ಜಿಸ್ತು. ಹುಟ್ಟಿದಾಗಿಂದ ಶಿವಮೊಗ್ಗದಲ್ಲೇ ಇದ್ದೀನಿ, ಅದು ಇಷ್ಟು ಹತ್ತಿರ ಕೇಳುತ್ತೆ ಅಂತ ಗೊತ್ತಿರ್ಲಿಲ್ಲ. ಕಣ್ಣು ಬಿಟ್ಟು ನೋಡಿದ್ರೆ ನಾವು ಮೂರೂ ಜನ ಅಜ್ಜಿ ಟೆಂಟ್ ಒಳಗೆ. ಪೊಲೀಸು ನನಗಿಂತ ಮುಂಚೆ ಬಂದು ಒಳಗಿನ ಮೂಲೆ ಹಿಡಿದಿದ್ದ. ಅದು ದಿನಾ ಇದೇ ಹೊತ್ತಿಗೆ ಕೂಗ್ತದೆ, ಬೇಲಿ ಐತೆ, ಅಂತ ಹೇಳಿ ಅಜ್ಜಿ ಟೀ ಕೊಟ್ರು. ಹೊರಗೆ ಗಂಡಸರು ಟೆಂಟಿನ ಹಗ್ಗ ಬಿಚ್ಚೋ ಸದ್ದು ಕೇಳ್ತು.

ನಾನು ಅಜ್ಜಿಗೆ ಕೈ ಮುಗಿದೆ. "ಅಮ್ಮಾ, ನಾವು ಹೊರಡೋ ತನಕ ನೀವು ದಯವಿಟ್ಟು ಎಲ್ಲೂ ಹೋಗಬೇಡಿ."

೨. ಭದ್ರಾವತಿಗೆ ಟ್ರಿಪ್ಪು

ನಮ್ಮ ಕೆಲಸದಲ್ಲಿ ತೆರವು ಅಂದ್ರೆ ಇಷ್ಟೇ. ನಮ್ಮ ಗಡಿಯಿಂದ ಎತ್ತಿ ಪಕ್ಕದವರ ಗಡಿಯಲ್ಲಿ ಇಳಿಸೋದು. ಮಾರನೇ ದಿನ ಗುಂಪನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿ ಭದ್ರಾವತೀಲಿ, ಫ್ಯಾಕ್ಟರಿಯ ಖಾಲಿ ಕ್ವಾರ್ಟರ್ಸ್ ಪಕ್ಕ ಇಳಿಸಿ ಓಡಿ ಬಂದ್ವಿ. ವಾರ ಕಳೀಲಿಲ್ಲ, ಅಲ್ಲಿಯವರು ಲಾರಿ ಮಾಡಿ ನಮ್ಮ ಕಡೆಗೆ ತಂದು ಸುರಿದ್ರು. ನಾವು ಮತ್ತೆ ಬಿಟ್ಟು ಬಂದ್ವಿ. ಅವರು ಮತ್ತೆ ತಂದ್ರು.

ಭದ್ರಾವತಿಯ ಮೇಲ್ವಿಚಾರಕ ಫೋನಲ್ಲಿ ಅರ್ಧ ಕನ್ನಡ ಅರ್ಧ ತಮಿಳಲ್ಲಿ ನನಗೆ ಉಗಿದ. ಮೇಲಿನವರಿಗೆ ಗೊತ್ತಾದ್ರೆ ಇಬ್ಬರೂ ಸಸ್ಪೆಂಡ್ ಕಣಪ್ಪಾ ಅಂದ. ಅವತ್ತಿಂದ ನನಗೆ ಊಟ ಸೇರ್ಲಿಲ್ಲ. ಆದ್ರೂ ದೂರು ಮಾತ್ರ ನಿಲ್ಲಲಿಲ್ಲ. ಯಾರೋ ಹೆಂಗಸು ಕಚೇರಿಗೆ ಫೋನ್ ಮಾಡಿ, ಬಹಳ ತೊಂದರೆ ಆಗ್ತಾ ಇದೆ, ಬೇಗ ಬಂದು ಎತ್ತಿಕೊಂಡು ಹೋಗಿ ಅಂತ ಗೋಳಾಡ್ತಿದ್ಲು. ಇಂಥ ಜವಾಬ್ದಾರಿ ಇರೋ ನಾಗರಿಕರು ಯಾರಪ್ಪಾ ಅಂತ ಒಂದು ದಿನ ಟೆಂಟ್‌ಗಳ ಮಧ್ಯೆ ನಿಂತುಕೊಂಡೇ ಆ ನಂಬರಿಗೆ ತಿರುಗಿ ಫೋನ್ ಮಾಡಿದೆ.

ಅಜ್ಜಿಯ ಸೊಂಟದಲ್ಲಿ ರಿಂಗ್ ಆಯ್ತು.

ಅಜ್ಜಿಗೆ ನಾಚಿಕೆಯೂ ಇಲ್ಲ, ಏನೂ ಇಲ್ಲ. ನೆಂಟರೆಲ್ಲ ಎರಡೂ ಊರಲ್ಲಿ ಹಂಚಿಹೋಗಿದ್ದಾರೆ, ಮದುವೆಗೆ ಎಲೆಅಡಿಕೆ ಕೊಟ್ಟು ಕರೀಬೇಕು, ಇಷ್ಟು ಪಾತ್ರೆ ಪಗಡ ಯಾವ ಬಸ್ಸಿನವನು ಹತ್ತಿಸ್ಕೊಳ್ತಾನೆ, ಅಂತ ನನ್ನನ್ನೇ ಕೇಳಿದ್ರು. ಆಮೇಲೆ ಡ್ರೈವರ್ ಕಡೆ ತಿರುಗಿ, ಭದ್ರಾವತೀಲಿ ಕರೆಯಕ್ಕೆ ಸೋದರತ್ತೆ ಒಬ್ಬಳು ಉಳಕೊಂಡವಳೆ, ನಾಳೆ ಸ್ವಲ್ಪ ಬೇಗ ಬಾ ಮಗಾ ಅಂದ್ರು.

೩. ಆಲ್ಕೊಳದ ಹಂದರ

ಕೊನೆಗೆ ಅವರು ನಮ್ಮೂರಿನ ಆಲ್ಕೊಳ ಸರ್ಕಲ್ ಹತ್ತಿರದ ಖಾಲಿ ಮೈದಾನದಲ್ಲಿ ಬೀಡು ಬಿಟ್ರು. ಅದೇ ರಸ್ತೇಲಿ ಮಂತ್ರಿಗಳು ಹಾದುಹೋಗೋರಿದ್ರು. ಮಂತ್ರಿಗಳ ಕಣ್ಣಿಗೆ ಟೆಂಟ್ ಬಿದ್ರೆ ನಿನ್ನ ಕೆಲಸ ಹೋಯ್ತು ಅಂತ ಕಚೇರೀಲಿ ಎಚ್ಚರಿಕೆ ಕೊಟ್ರು. ಜೆಸಿಬಿ ತಗೊಂಡು ಹೋದೆ.

ಹೋಗಿ ನೋಡಿದ್ರೆ ಹಂದರ ಎದ್ದಿದೆ. ನಡುಗಂಬಕ್ಕೆ ಅರಿಶಿನ ಬಳಿದು ಮಾವಿನ ಸೊಪ್ಪು ಕಟ್ಟಿದ್ದಾರೆ. ಕಂಬ ಗುಂಡೀಲಿ ಇಳಿಸಿದ್ರು ಅಷ್ಟೇ, ಮಣ್ಣು ತುಂಬಿರ್ಲಿಲ್ಲ. ಹುಡುಗಿಯ ಸೋದರಮಾವ ಕಂಬ ಹಿಡ್ಕೊಂಡು ನಿಂತ ಮೇಲೇ ಮಣ್ಣು ತುಂಬೋದು ಅವರ ಪದ್ಧತಿ. ಇದ್ದ ಒಬ್ಬನೇ ಸೋದರಮಾವ ತೀರ್ಕೊಂಡಿದ್ದ, ಯಾರನ್ನ ನಿಲ್ಲಿಸೋದು ಅಂತ ಅಜ್ಜಿ ತಲೆ ಮೇಲೆ ಕೈ ಹೊತ್ತು ಕೂತಿದ್ರು.

ಜೆಸಿಬಿ ಡ್ರೈವರು ಕಂಬ ನೋಡಿದ್ದೇ ಇಂಜಿನ್ ಆಫ್ ಮಾಡಿ ಇಳಿದ. "ಸಾರ್, ನಂಗೆ ಹೋದ ವಾರ ನಿಶ್ಚಿತಾರ್ಥ ಆಗಿದೆ. ಮದುವೆ ಕಂಬ ಕಿತ್ತೋರ ಮನೇಲಿ ಮದುವೆ ನಿಲ್ಲುತ್ತಂತೆ, ನಾನು ಮುಟ್ಟಲ್ಲ." ಅವನಿಗೆ ಬಯ್ಯೋಣ ಅಂದ್ರೆ ನನ್ನ ಮಗಳನ್ನ ನೋಡಕ್ಕೆ ಭಾನುವಾರ ಗಂಡಿನವರು ಬರೋರಿದ್ರು. ನನ್ನ ಕಾಲೂ ಹಿಂದಕ್ಕೇ ಹೋಯ್ತು.

ಕಚೇರಿಗೆ ಬಂದು, ಮನೇಲಿ ಮದುವೆಗೆ ಇರೋರು ಯಾರೂ ಇಲ್ಲದ ಒಬ್ಬ ಸಿಬ್ಬಂದಿ ಬೇಕು ಅಂತ ಟೇಬಲ್ ಟೇಬಲ್ ಸುತ್ತಿದೆ. ಒಬ್ಬರಿಗೆ ತಂಗಿ, ಒಬ್ಬರಿಗೆ ಮೈದುನ, ಒಬ್ಬರಿಗೆ ಅಕ್ಕನ ಮಗ. ಕಡೆಗೆ ಮಕ್ಕಳದ್ದೆಲ್ಲ ಮದುವೆ ಮುಗಿಸಿ, ನಿವೃತ್ತಿ ಅಂಚಿಗೆ ಬಂದಿದ್ದ ಗುಮಾಸ್ತರೊಬ್ಬರು ಸಿಕ್ಕಿದ್ರು. ನನಗೆ ಹೋದ ಜೀವ ಬಂದಂಗಾಯ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮೆತ್ತಗೆ ಹೇಳಿದ್ರು:

"ಹೆಂಡತಿ ಹೋಗಿ ಎರಡು ವರ್ಷ ಆಯ್ತಲ್ರೀ. ನಾನೇ ಒಂದು ನೋಡ್ತಾ ಇದ್ದೀನಿ."

೪. ಸಾಹೇಬ್ರು ಬಂದ್ರು

ನಮ್ಮ ಸಾಹೇಬ್ರಿಗೆ ದೇವರಿಲ್ಲ, ದಿಂಡರಿಲ್ಲ, ಶಕುನ ಗಿಕುನ ಅಂದ್ರೆ ಮೈಯೆಲ್ಲ ಉರಿ. ವಿಷಯ ಕೇಳಿ ಅವರೇ ಜೀಪ್ ಹತ್ತಿದ್ರು. ಮೈದಾನದಲ್ಲಿ ಇಳಿದು, ಕೀಳ್ರಿ ಅದನ್ನ ಅಂದ್ರು. ಒಬ್ಬರೂ ಅಲುಗಾಡಲಿಲ್ಲ.

ಜೆಸಿಬಿ ಕಂಡಿದ್ದಕ್ಕೇ ಅಲ್ಲಿದ್ದ ಮಕ್ಕಳು ತಟ್ಟೆ ಲೋಟ ಎದೆಗೆ ಅವುಚಿಕೊಂಡು ಸಾಲಾಗಿ ನಿಂತುಬಿಟ್ಟಿದ್ವು. ಅಳಲೂ ಇಲ್ಲ. ನನ್ನದೆಲ್ಲ ಹಲ್ಲಿ ಭಯ, ಈ ಮಕ್ಕಳು ಬೆಳೀತಿರೋದೇ ಭಯದಲ್ಲಿ.

ಸಾಹೇಬ್ರು ಶರ್ಟಿನ ತೋಳು ಮಡಚಿ ತಾವೇ ಹೋಗಿ ಕಂಬಕ್ಕೆ ಕೈ ಹಾಕಿ ಜಗ್ಗಿದ್ರು. ಕಂಬ ಸಡಿಲ ಇದ್ದಿದ್ದು ಅವರಿಗೆ ಗೊತ್ತಿರ್ಲಿಲ್ಲ. ಹಂದರಕ್ಕೆ ಹಂದರವೇ ವಾಲಿತು. ಕೆಳಗೆ ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡ್ಲು.

"ಬಿಡಬ್ಯಾಡಿ ಸಾಮಿ," ಅಂದ್ರು ಅಜ್ಜಿ. "ಬಿಟ್ರೆ ಹುಡುಗಿ ಮ್ಯಾಲೆ ಬೀಳ್ತದೆ."

ಸಾಹೇಬ್ರು ಎರಡೂ ತೋಳಲ್ಲಿ ಕಂಬ ತಬ್ಬಿ ಹಿಡಿದ್ರು. ಹಣೇಲಿ ಬೆವರು. ಅವರಿಗೂ ಹೆದರಿಕೆ ಆಗುತ್ತೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಅಜ್ಜಿ ಕಣ್ಸನ್ನೆ ಮಾಡಿದ್ರು. ಗಂಡಸರು ಓಡಿ ಬಂದು ಗುಂಡಿಗೆ ಮಣ್ಣು ತುಂಬಿ ತುಳಿದ್ರು. ಹೆಂಗಸರು ಬುಡಕ್ಕೆ ಹಾಲು ಹೊಯ್ದ್ರು. ಯಾರೋ ಸಾಹೇಬ್ರ ತಲೆಗೆ ಪೇಟ ಸುತ್ತಿದ್ರು, ತಮಟೆ ಶುರುವಾಯ್ತು.

ನಾನು ಕೀಳಕ್ಕೆ ಬಂದಿದ್ದು ಕಣಮ್ಮಾ ಅಂತ ಸಾಹೇಬ್ರು ಹೇಳ್ತಾನೇ ಇದ್ರು. "ಹಿಡ್ಕಂಡಿದ್ದು ನಾವೆಲ್ಲ ಕಂಡ್ವಲ್ಲ," ಅಂದ್ರು ಅಜ್ಜಿ. "ಇನ್ನು ನೀವೇ ಸೋದರಮಾವ. ತಾಳಿ ಕಟ್ಟೋ ಗಂಟ ಕದಲಂಗಿಲ್ಲ." ಹುಡುಗಿ ಎದ್ದು ಬಂದು ಅವರ ಕಾಲಿಗೆ ಬಿದ್ಲು. ಸಾಹೇಬ್ರು ಅವಳ ತಲೆ ಮೇಲೆ ಕೈಯಿಟ್ರು. ಆಮೇಲೆ ನನ್ನ ಕಿವೀಲಿ, ನನಗೆ ಅಕ್ಕತಂಗೀರು ಯಾರೂ ಇಲ್ಲ ಕಣ್ರೀ ಅಂದ್ರು.

ಮಂತ್ರಿಗಳು ಬರೋ ಹೊತ್ತು ಹತ್ತಿರ ಬಂತು, ಏನು ಮಾಡೋದು ಸಾರ್ ಅಂದೆ. ಪೊಲೀಸರಿಗೆ ಹೇಳಿ ಬೇರೆ ರಸ್ತೇಲಿ ಕಳಿಸಿ ಅಂದ್ರು. ಕಾರಣ ಕೇಳಿದ್ರೆ ಅಂದೆ.

ಪೇಟ ಸರಿ ಮಾಡಿಕೊಂಡ್ರು. "ಸಾಹೇಬ್ರ ಮನೇಲಿ ಮದುವೆ ಅನ್ನಿ."

೫. ಚೊಚ್ಚಲು

ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಸಾಹೇಬ್ರ ಫೋನು. ಪಿಸುಪಿಸು ದನಿ. ನಮ್ಮ ಕ್ವಾರ್ಟರ್ಸ್ ಎದುರಿನ ಖಾಲಿ ಜಾಗದಲ್ಲಿ ಟೆಂಟ್ ಎದ್ದಿದೆ, ಟ್ರ್ಯಾಕ್ಟರ್ ತಗೊಂಡು ಬೇಗ ಬನ್ನಿ ಅಂದ್ರು. ಸಾಹೇಬ್ರ ಮನೆ ಮುಂದೇನೇ ಒತ್ತುವರಿ ಅಂದ್ರೆ ತಲೆ ಹೋಗೋದು ಯಾರದು, ನಂದೇ ತಾನೆ.

ಹೋಗಿ ನೋಡಿದ್ರೆ ಅದೇ ಅಜ್ಜಿ, ಅದೇ ಎಲೆಅಡಿಕೆ. ನನ್ನ ಕಂಡು, ಹುಡುಗಿಗೆ ಹೆರಿಗೆ ಆಗಿ ವಾರ ಆಯ್ತು ಸಾಮಿ ಅಂದ್ರು. ಚೊಚ್ಚಲು. ಅವ್ವ ಇಲ್ಲ. ಬಾಣಂತನಕ್ಕೆ ಸೋದರಮಾವನ ಮನೆ ಬಿಟ್ಟು ಇನ್ನೆಲ್ಲಿಗೆ ಹೋಗ್ತಾಳೆ ಅಂತ ಕೇಳಿದ್ರು.

ಅಷ್ಟರಲ್ಲಿ ಟೆಂಟ್ ಒಳಗಿಂದ ಸಾಹೇಬ್ರ ಮನೆಯವರು ಕೈಯಲ್ಲಿ ಹರಳೆಣ್ಣೆ ಬಟ್ಟಲು ಹಿಡ್ಕೊಂಡು ಹೊರಗೆ ಬಂದ್ರು. "ಯಾರ್ರೀ ಅದು? ಮೊದಲು ಆ ಟ್ರ್ಯಾಕ್ಟರ್ ಆಫ್ ಮಾಡಿಸಿ. ಮಗು ಈಗಷ್ಟೇ ಮಲಗಿದೆ."

ಡ್ರೈವರು ನಾನು ಹೇಳೋ ಮೊದಲೇ ಆಫ್ ಮಾಡಿದ. ಸಾಹೇಬ್ರು ಬನಿಯನ್ ಮೇಲೆ ಟವಲ್ ಹೊದ್ದು ಗೇಟಿನ ಹಿಂದೆ ನಿಂತಿದ್ರು. ನನ್ನ ಹತ್ತಿರಕ್ಕೆ ಕರೆದ್ರು.

"ಎಷ್ಟು ದಿನ ಇರ್ತಾರೆ ಕಣ್ರೀ?"

"ಚೊಚ್ಚಲ ಬಾಣಂತನ ಸಾರ್. ಐದು ತಿಂಗಳು."

ನಿಯಮದ ಪ್ರಕಾರ ಒಂದು ನೋಟಿಸ್ ಕೊಟ್ಟುಬಿಟ್ರೆ ಹೇಗೆ ಅಂತ ಸಾಹೇಬ್ರು ಕೇಳಿದ್ರು. ಕೊಡೋಣ ಸಾರ್, ಯಾರ ಕೈಗೆ ಕೊಡಲಿ, ಅಲ್ಲಿ ನಿಂತಿರೋ ಅಮ್ಮಾವ್ರ ಕೈಗಾ ಅಂದೆ.

ಸಾಹೇಬ್ರು ಟೆಂಟ್ ಕಡೆ ನೋಡಿದ್ರು, ಹೆಂಡತಿ ಕಡೆ ನೋಡಿದ್ರು, ಆಮೇಲೆ ದನಿ ಇನ್ನೂ ತಗ್ಗಿಸಿ ಹೇಳಿದ್ರು:

"ಹೇಗೂ ಟ್ರ್ಯಾಕ್ಟರ್ ತಂದಿದ್ದೀರಲ್ಲ. ಬಾಣಂತಿ ನೀರಿಗೆ ಒಂದು ಲೋಡ್ ಸೌದೆ ಹಾಕಿಸಿಬಿಡಿ."